ಕಾಡು ಉರಿಯುವಾಗ ಪ್ರಧಾನಿ ಮಕ್ಕಳ ಜೊತೆ ರಜೆಗೆ ಹೋಗಬಹುದಾ?

ನೀಲಿಬೆಟ್ಟ:
ನಮ್ಮ ಮನೆ ಸಿಡ್ನಿಯ ಪಶ್ಚಿಮಕ್ಕೆ, ಬ್ಲೂ ಮೌಂಟನ್ಸ್ ಬೆಟ್ಟದ ಬುಡದಲ್ಲಿದೆ. ಬೇಸಿಗೆ ಹತ್ತಿರ ಬಂತು ಅಂದರೆ ಬೀದಿಯವರೆಲ್ಲ ಏಣಿ ಹಾಕಿಕೊಂಡು ಮಾಡಿನಂಚಿನ ದಂಬೆಯಲ್ಲಿ ತುಂಬಿದ ಒಣ ಎಲೆ ತೆಗೆಯುತ್ತೇವೆ. ಬೆಂಕಿ ಎಲ್ಲೋ ದೂರದ ಕಾಡಿಗೆ ಬಿದ್ದರೂ ಕಿಡಿ ಹಾರಿಬಂದು ಅಲ್ಲೇ ಕೂರುತ್ತದೆ. ಹೋದ ಭಾನುವಾರ ಪಕ್ಕದ ಮನೆಯವರೂ ನಾನೂ ಅದೇ ಕೆಲಸದಲ್ಲಿದ್ದೆವು. ಅವರ ಕಸುಬು ಪ್ಲಂಬಿಂಗ್. ಜೊತೆಗೆ ಸಂಬಳವಿಲ್ಲದ ಅಗ್ನಿಶಾಮಕ ಸ್ವಯಂಸೇವಕರು. ಮಾತು 2019ರ ಬೆಂಕಿಗೆ ಹೋಯಿತು, ಅಲ್ಲಿಂದ ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ಹವಾಯಿಗೆ ಹೋಗಿದ್ದ ವಿಷಯಕ್ಕೆ. ಕೆಳಗೆ ಏಣಿ ಹಿಡಿದು ನಿಂತಿದ್ದ ನನ್ನ 14 ವರ್ಷದ ಮಗ ಕೇಳಿದ: "ಅಪ್ಪ, ಅವರು ಮಕ್ಕಳಿಗೆ ಮಾತು ಕೊಟ್ಟಿದ್ದರಲ್ವಾ? ಮತ್ತೆ ಹೋಗಿದ್ದು ಯಾಕೆ ತಪ್ಪು?" ನನಗೆ ತಟ್ಟನೆ ಉತ್ತರ ಬರಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ನಡೆದಿದ್ದು ಇಷ್ಟು. 2019ರ ಡಿಸೆಂಬರ್, ಆಸ್ಟ್ರೇಲಿಯಾದಲ್ಲಿ ಆಗ ಬೇಸಿಗೆ. ನಮ್ಮ ನ್ಯೂ ಸೌತ್ ವೇಲ್ಸ್ ರಾಜ್ಯ ತಿಂಗಳುಗಟ್ಟಲೆಯಿಂದ ಉರಿಯುತ್ತಿತ್ತು. ಡಿಸೆಂಬರ್ 18ರಂದು ಇಡೀ ದೇಶದ ಸರಾಸರಿ ಗರಿಷ್ಠ ತಾಪಮಾನ 41.9 ಡಿಗ್ರಿ ಮುಟ್ಟಿತ್ತು. ಅದಕ್ಕೂ ಮೊದಲೇ ಪ್ರಧಾನಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ಸದ್ದಿಲ್ಲದೆ ಹವಾಯಿಗೆ ಹೋಗಿದ್ದರು. ಪತ್ರಕರ್ತರು ಕೇಳಿದಾಗ ಅವರ ಕಚೇರಿಯಿಂದ, ಹವಾಯಿಗೆ ಹೋಗಿಲ್ಲ ಅನ್ನುವ ತಪ್ಪು ಉತ್ತರ ಬಂತು. 19ರ ರಾತ್ರಿ ಸಿಡ್ನಿಯ ನೈಋತ್ಯಕ್ಕಿರುವ ಬಕ್ಸ್‌ಟನ್ ಹತ್ತಿರ ಮರ ಬಿದ್ದು ಬೆಂಕಿ ಆರಿಸುವ ಟ್ಯಾಂಕರ್ ಉರುಳಿತು. ಇಬ್ಬರು ಸ್ವಯಂಸೇವಕರು ತೀರಿಕೊಂಡರು. ಇಬ್ಬರಿಗೂ ಎರಡು ವರ್ಷ ತುಂಬದ ಮಕ್ಕಳಿದ್ದರು. ಮರುದಿನ ಮಾರಿಸನ್ ರೇಡಿಯೊದಲ್ಲಿ ಕ್ಷಮೆ ಕೇಳಿ, ವಾಪಸ್ ಬರುತ್ತೇನೆ ಅಂದರು. "ನಾನೇನು ಪೈಪ್ ಹಿಡಿಯುವವನಲ್ಲ, ಕಂಟ್ರೋಲ್ ರೂಮಿನಲ್ಲಿ ಕೂರುವವನೂ ಅಲ್ಲ" ಎಂಬ ಅರ್ಥದ ಅವರ ಮಾತು ಅದೇ ಸಂದರ್ಶನದ್ದು. 21ಕ್ಕೆ ಬಂದಿಳಿದರು.

ಹಳೇ ಗುಮಾಸ್ತ:
ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ಸ್ವಾಮಿ? ನಾನು ಕಂದಾಯ ಇಲಾಖೆಯಲ್ಲಿ 31 ವರ್ಷ ದುಡಿದವನು. ನೆರೆ ಬಂತು ಅಂದರೆ ಮೊದಲು ಬರುವ ಸುತ್ತೋಲೆ ಯಾವುದು ಗೊತ್ತಾ? ಎಲ್ಲ ನೌಕರರ ರಜೆ ರದ್ದು, ಕೇಂದ್ರಸ್ಥಾನ ಬಿಡಬಾರದು. ಗ್ರಾಮ ಲೆಕ್ಕಿಗನಿಗೂ ಅದೇ, ಗ್ರಾಮ ಸಹಾಯಕನಿಗೂ ಅದೇ. 2009ರ ಅಕ್ಟೋಬರ್ ಮೊದಲ ವಾರ ಉತ್ತರ ಕರ್ನಾಟಕದಲ್ಲಿ ಎಂಥಾ ನೆರೆ ಬಂದಿತ್ತು ನೆನಪಿದೆಯಾ? ಆ ವಾರವೇ ನಮ್ಮ ಅಪ್ಪನ ಮೊದಲ ವರ್ಷದ ತಿಥಿ. ಹಿರಿಮಗ ನಾನು. ಹೋಗಲಿಲ್ಲ. ಗಂಜಿ ಕೇಂದ್ರದಲ್ಲಿ ಅಕ್ಕಿ ಮೂಟೆ ಎಣಿಸುತ್ತಾ ಕೂತಿದ್ದೆ. ತಮ್ಮ ಪಿಂಡ ಇಟ್ಟ. ಅಮ್ಮ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನನ್ನಂಥ ಗುಮಾಸ್ತನಿಗೆ ಈ ಕಟ್ಟು ಇರುವಾಗ ದೇಶದ ಪ್ರಧಾನಿಗೆ ಇಲ್ಲ ಅಂದರೆ ಹೇಗೆ? ಓಟು ಕೇಳಿಕೊಂಡು ಬಂದವರು ಅವರು. ನಾವು ಯಾರೂ ಅವರ ಮನೆಗೆ ಹೋಗಿ ಬನ್ನಿ ಅಂತ ಕರೆದಿರಲಿಲ್ಲ.

ಎರಡು ಹೆಣ್ಮಕ್ಕಳ ಅಪ್ಪ:
ಗುಮಾಸ್ತರೇ, ನಿಮ್ಮ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ನೀವು ಹೇಳಿದ ಲೆಕ್ಕ ಇಲ್ಲಿಗೆ ಕೂಡುವುದಿಲ್ಲ. ಅಕ್ಕಿ ಎಣಿಸಲು ನೀವು ಅಲ್ಲಿ ಇರಲೇಬೇಕಿತ್ತು. ನೀವಿಲ್ಲದಿದ್ದರೆ ಊಟ ನಿಲ್ಲುತ್ತಿತ್ತು. ಮಾರಿಸನ್ ರಾಜಧಾನಿ ಕ್ಯಾನ್‌ಬೆರಾದಲ್ಲಿ ಕೂತಿದ್ದರೆ ಯಾವ ಬೆಂಕಿ ಆರುತ್ತಿತ್ತು? ಆಸ್ಟ್ರೇಲಿಯಾದಲ್ಲಿ ಕಾಡಿನ ಬೆಂಕಿ ರಾಜ್ಯಗಳ ಜವಾಬ್ದಾರಿ. ಅಲ್ಲಿ ರಾಜ್ಯದ ಮುಖ್ಯಸ್ಥೆ ಗ್ಲಾಡಿಸ್ ಬೆರೆಜಿಕ್ಲಿಯನ್ ಇದ್ದರು, ಅಗ್ನಿಶಾಮಕ ದಳದ ಕಮಿಷನರ್ ಶೇನ್ ಫಿಟ್ಜ್‌ಸಿಮನ್ಸ್ ಇದ್ದರು. ಕೇಂದ್ರದಲ್ಲಿ ಉಪಪ್ರಧಾನಿ ಮೈಕೆಲ್ ಮೆಕಾರ್ಮಕ್ ಹಂಗಾಮಿ ಪ್ರಧಾನಿಯಾಗಿದ್ದರು. ಕುರ್ಚಿ ಖಾಲಿ ಇರಲಿಲ್ಲ.

ಆ ರೇಡಿಯೊ ಮಾತನ್ನೂ ಅರ್ಧಕ್ಕೆ ಕತ್ತರಿಸಿ ಹರಡಿದರು. ಪೈಪ್ ಹಿಡಿಯುವವನಲ್ಲ ಅಂದ ಮೇಲೆ ಅವರು ಮುಂದುವರಿಸಿದ್ದು, ಜೀವಗಳು ಹೋದ ಈ ಹೊತ್ತಿನಲ್ಲಿ ನಾನು ವಾಪಸ್ ಬರಬೇಕು ಅಂತ ಜನ ಬಯಸುತ್ತಾರೆ, ಬರುತ್ತೇನೆ ಅಂತ. ಪೂರ್ತಿ ಕೇಳಿದರೆ ಅದು ಸೊಕ್ಕಿನ ಮಾತು ಅನ್ನಿಸುವುದಿಲ್ಲ.

ಇನ್ನೊಂದು ಸಂಗತಿ ನಮ್ಮಲ್ಲಿ ಜಾಸ್ತಿ ಜನರಿಗೆ ಗೊತ್ತಿಲ್ಲ. ಆ ಮನೆಯವರು ಮಾಮೂಲಾಗಿ ಜನವರಿಯಲ್ಲಿ ರಜೆ ಹೋಗುತ್ತಿದ್ದರು. 2020ರ ಜನವರಿಗೆ ಭಾರತ, ಜಪಾನ್ ಪ್ರವಾಸ ನಿಗದಿಯಾಗಿತ್ತು. ದೆಹಲಿಯ ರೈಸಿನಾ ಡೈಲಾಗ್ ಅನ್ನುವ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಉದ್ಘಾಟನಾ ಭಾಷಣ ಅವರದ್ದೇ ಇತ್ತು. ಅದಕ್ಕಾಗಿ ಮಕ್ಕಳ ರಜೆಯನ್ನು ಡಿಸೆಂಬರಿಗೆ ತಂದರು. ಅಂದರೆ ಸಾರ್ವಜನಿಕ ಕೆಲಸಕ್ಕೆ ಮನೆಯವರು ಒಮ್ಮೆ ಜಾಗ ಬಿಟ್ಟುಕೊಟ್ಟಿದ್ದರು. ಎರಡನೇ ಸಲವೂ ಮಕ್ಕಳಿಗೆ ಇಲ್ಲ ಅನ್ನುವುದು ಸುಲಭವಾ? ನನ್ನ ದೊಡ್ಡವಳಿಗೆ 11 ವರ್ಷ. ಎರಡು ವರ್ಷದಿಂದ ಜೋಗಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಲೇ ಇದ್ದೇನೆ. ಈಗ ಅವಳು ಕೇಳುವುದನ್ನೇ ಬಿಟ್ಟಿದ್ದಾಳೆ. ಅದು ಎಷ್ಟು ಚುಚ್ಚುತ್ತದೆ ಅಂತ ಹೇಳಲು ಆಗುವುದಿಲ್ಲ.

ಹಳೇ ಗುಮಾಸ್ತ:
ನೀವು ಹೇಳಿದ ಆ ದೆಹಲಿ ಪ್ರವಾಸ ಕೊನೆಗೆ ಆಯಿತಾ?

ನೀಲಿಬೆಟ್ಟ:
ಇಲ್ಲ ಸರ್. ಜನವರಿ ಮೊದಲ ವಾರ ಅದನ್ನೂ ಬೆಂಕಿಯ ಕಾರಣಕ್ಕೆ ರದ್ದು ಮಾಡಿದರು.

ಹಳೇ ಗುಮಾಸ್ತ:
ನೋಡಿ ಮತ್ತೆ. ಭಾರತಕ್ಕೆ ಹೋಗುವುದನ್ನು ನಿಲ್ಲಿಸಬಹುದಾದರೆ ಹವಾಯಿಗೆ ಹೋಗುವುದನ್ನೂ ನಿಲ್ಲಿಸಬಹುದಿತ್ತು.

ಲಾ ಓದುತ್ತಿರುವವಳು:
ಕಾನೂನಿನ ವಿಷಯದಲ್ಲಿ 'ಎರಡು ಹೆಣ್ಮಕ್ಕಳ ಅಪ್ಪ' ಅವರ ಮಾತು ಹೆಚ್ಚು ಕಡಿಮೆ ಸರಿ. ಆಗ ಆಸ್ಟ್ರೇಲಿಯಾದ ಕೇಂದ್ರ ಸರ್ಕಾರಕ್ಕೆ ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಿಸುವ ಕಾಯ್ದೆಯೇ ಇರಲಿಲ್ಲ. ಆ ಬೆಂಕಿಯ ಬಗ್ಗೆ ವಿಚಾರಣೆ ಮಾಡಿದ ರಾಯಲ್ ಕಮಿಷನ್ ಶಿಫಾರಸು ಮಾಡಿದ ಮೇಲೆ 2020ರ ಡಿಸೆಂಬರ್‌ನಲ್ಲಿ ಅದಕ್ಕೊಂದು ಕಾಯ್ದೆ ಬಂತು.

ಭಾರತದಲ್ಲಿ ಹಾಗಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ರಾಷ್ಟ್ರೀಯ ಪ್ರಾಧಿಕಾರಕ್ಕೆ ಪ್ರಧಾನಿಯೇ ಅಧ್ಯಕ್ಷರು, ರಾಜ್ಯದ್ದಕ್ಕೆ ಮುಖ್ಯಮಂತ್ರಿ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿಯ ಚುನಾಯಿತ ಅಧ್ಯಕ್ಷರು ಸಹ ಅಧ್ಯಕ್ಷರು. ಆದ್ದರಿಂದ ನಮ್ಮ ಮುಖ್ಯಮಂತ್ರಿ ಯಾರೇ ಆಗಲಿ, ಪೈಪ್ ನನ್ನ ಕೈಯಲ್ಲಿಲ್ಲ ಅಂದರೆ ಒಪ್ಪಲು ಆಗುವುದಿಲ್ಲ. ಕಾಯ್ದೆಯೇ ಅದನ್ನು ಅವರ ಕೈಗೆ ಕೊಟ್ಟಿದೆ. ಕರ್ನಾಟಕದಲ್ಲಿ 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಆ ಸಹ ಅಧ್ಯಕ್ಷರ ಕುರ್ಚಿಯಲ್ಲಿ ಜನ ಆರಿಸಿದವರು ಯಾರೂ ಇರಲಿಲ್ಲ. ರಜೆಗೆ ಹೋದವರ ಬಗ್ಗೆ ಇಷ್ಟು ಮಾತಾಡುತ್ತೇವೆ, ಕುರ್ಚಿಯನ್ನೇ ತುಂಬದೆ ಇದ್ದುದರ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಇದು ತುಂಬಾ ಬೇಜಾರಿನ ವಿಷಯ.

ಮಲಪ್ರಭೆ ದಂಡೆ:
ತಂಗೀ, ನೀನು ಹೇಳಿದ್ದು ಖರೆ. 2019ರ ಆಗಸ್ಟ್‌ನಲ್ಲಿ ನಾವು ಅದನ್ನೇ ಕಣ್ಣಾರೆ ಕಂಡೆವು. ಯಡಿಯೂರಪ್ಪನವರು ಜುಲೈ 26ಕ್ಕೆ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ತೆಗೆದುಕೊಂಡರು. 17 ಮಂತ್ರಿಗಳು ಸೇರಿದ್ದು ಆಗಸ್ಟ್ 20ಕ್ಕೆ. ನಡುವೆ ನೆರೆ ಬಂತು. 22 ಜಿಲ್ಲೆ ಮುಳುಗಿದವು, ಜಿಲ್ಲೆಗೊಬ್ಬ ಉಸ್ತುವಾರಿ ಮಂತ್ರಿ ಇಲ್ಲ. ಮುಖ್ಯಮಂತ್ರಿ ಒಬ್ಬರೇ ಓಡಾಡಿದರು. ಆ ವಯಸ್ಸಿನಲ್ಲಿ ಅವರು ತಿರುಗಿದ್ದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಒಬ್ಬರು ಎಷ್ಟು ಊರಿಗೆ ಆಗುತ್ತಾರೆ?

ಆಗ ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಮಹಿಳಾ ಮೀಸಲಿನಲ್ಲಿ ಬಂದವಳು. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟು ಹೊಳೆ ಊರೊಳಗೆ ನುಗ್ಗಿತ್ತು. ನಮ್ಮ ಶಾಲೆಯಲ್ಲಿ ಇನ್ನೂರಕ್ಕೂ ಜಾಸ್ತಿ ಮಂದಿ. ಎರಡನೇ ದಿನ ಸಂಜೆ ಗದಗಿನಿಂದ ಅಳಿಯನ ಫೋನ್ ಬಂತು. ಮಗಳಿಗೆ ಒಂಬತ್ತು ತಿಂಗಳು ತುಂಬುವ ಮೊದಲೇ ಬ್ಯಾನಿ ಶುರುವಾಗಿದೆ, ಚೊಚ್ಚಲ ಹೆರಿಗೆ, "ಅವ್ವನ್ನ ಕರೀರಿ" ಅಂತ ಅಳುತ್ತಿದ್ದಾಳೆ ಅಂದ. ನಾನು ಶಾಲೆಯ ಕಟ್ಟೆಯ ಮೇಲೆ ಕೂತೆ. ಮುಂದೆ ಒಂದು ಹಂಡೆಯಲ್ಲಿ ಅನ್ನ ಬೇಯುತ್ತಿತ್ತು. ಹಸಿ ಕಟ್ಟಿಗೆ, ಬರೀ ಹೊಗೆ. ಕಣ್ಣಲ್ಲಿ ನೀರು ಹೊಗೆಗೋ ದುಃಖಕ್ಕೋ ನನಗೇ ತಿಳಿಯಲಿಲ್ಲ.

ನಾನು ಹೋದೆ ಅಣ್ಣಾ. ಸುಮ್ನೆ ಎದ್ದು ಹೋಗಲಿಲ್ಲ. ಉಪಾಧ್ಯಕ್ಷರನ್ನು ಕರೆದೆ, ಪಿಡಿಒ ಅವರನ್ನು ಕರೆದೆ. ಯಾವ ಓಣಿಯವರು ಬಂದಿದ್ದಾರೆ, ಯಾರು ಬಂದಿಲ್ಲ, ಬಾಣಂತಿ ಎಷ್ಟು ಜನ, ಸಕ್ಕರೆ ಕಾಯಿಲೆ ಗುಳಿಗೆ ಯಾರಿಗೆ ಬೇಕು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಅದನ್ನು ಉಪಾಧ್ಯಕ್ಷರ ಕೈಗೆ ಕೊಟ್ಟೆ. ಆಮೇಲೆ ಕೋಣೆಯಿಂದ ಕೋಣೆಗೆ ಹೋಗಿ ಹೇಳಿದೆ: ಮಗಳ ಹೆರಿಗೆ, ನಾಳೆ ಸಂಜೆಯೊಳಗೆ ಬರುತ್ತೇನೆ, ಅಲ್ಲಿಯ ತನಕ ಏನಿದ್ದರೂ ಇವರಿಗೆ ಹೇಳಿ. ಒಬ್ಬಳು ಮುದುಕಿ, ಸ್ವಂತ ಮನೆ ನೀರಲ್ಲಿ ಹೋಗಿದೆ, ಸೆರಗಿನ ಗಂಟಿನಿಂದ 50 ರೂಪಾಯಿ ತೆಗೆದು "ಕೂಸಿನ ಕೈಯಾಗ ಇಡವ್ವ" ಅಂದಳು. ಮರುದಿನ ಸಂಜೆ ಬರಲು ಆಗಲಿಲ್ಲ, ದಾರಿ ಕಟ್ಟಾಗಿತ್ತು. ಫೋನ್ ಮಾಡಿ ಅದನ್ನೂ ಹೇಳಿದೆ. ಮೂರನೇ ದಿನ ಬಂದೆ. ಒಬ್ಬರೂ ನನಗೆ ಯಾಕೆ ಹೋದೆ ಅನ್ನಲಿಲ್ಲ. ಗಂಡು ಹುಟ್ಟಿತಾ ಹೆಣ್ಣು ಹುಟ್ಟಿತಾ ಅಂತ ಕೇಳಿದರು.

ಮಾರಿಸನ್ ಅವರಿಗೂ ನನಗೂ ಹೋಲಿಕೆ ಇಲ್ಲ, ಅವರು ದೊಡ್ಡವರು. ಆದರೆ ಅವರ ಆಫೀಸಿನವರು ಸುಳ್ಳು ಯಾಕೆ ಹೇಳಬೇಕಿತ್ತು? ಅದೊಂದು ನನಗೆ ಸಿಕ್ಕಿಕೊಂಡಿದೆ.

ಎರಡು ಹೆಣ್ಮಕ್ಕಳ ಅಪ್ಪ:
ಅಕ್ಕಾ, ಓದಿ ಗಂಟಲು ಕಟ್ಟಿತು. ಆದರೆ ಹೆರಿಗೆ ಮತ್ತು ಸಮುದ್ರ ತೀರದ ರಜೆ ಒಂದೇ ಅಂತ ನಾನೂ ಹೇಳುವುದಿಲ್ಲ. ಆ ಸುಳ್ಳನ್ನು ಸಮರ್ಥಿಸುವುದೂ ಇಲ್ಲ. ನನ್ನ ತಕರಾರು ಒಂದೇ. ನಾಯಕ ಅಂದರೆ ಮನೆ ಮಠ ಇಲ್ಲದವನಾಗಿರಬೇಕು ಅನ್ನುವ ಆಸೆ ನಮ್ಮಲ್ಲಿ ತುಂಬಾ ಇದೆ. ಸಂಸಾರ ಬಿಟ್ಟವರನ್ನು ಹೊಗಳುತ್ತೇವೆ. ಹಾಗಾದರೆ ಚಿಕ್ಕ ಮಕ್ಕಳಿರುವ ಯಾರೂ ರಾಜಕೀಯಕ್ಕೆ ಬರಬಾರದಾ? ಶಾಲೆ ಫೀಸು, ಜ್ವರ, ಲಸಿಕೆ ಅಂತ ಓಡಾಡುವವರಿಗೆ ಜನರ ಕಷ್ಟ ಹೆಚ್ಚು ಗೊತ್ತಿರುತ್ತದೆ ಅನ್ನುವುದು ನನ್ನ ನಂಬಿಕೆ.

ಲಾ ಓದುತ್ತಿರುವವಳು:
ಆ ನಂಬಿಕೆ ನನಗೂ ಇದೆ. ಅದಕ್ಕೇ ನ್ಯೂಜಿಲೆಂಡಿನ ಜೆಸಿಂಡಾ ಆರ್ಡರ್ನ್ ಅವರನ್ನು ನೆನೆಯುತ್ತೇನೆ. 2018ರ ಜೂನ್‌ನಲ್ಲಿ ಪ್ರಧಾನಿ ಆಗಿರುವಾಗಲೇ ಮಗು ಹೆತ್ತರು. ಆರು ವಾರ ರಜೆ. ತಿಂಗಳುಗಳ ಮೊದಲೇ ಎಲ್ಲರಿಗೂ ಹೇಳಿದ್ದರು. ವಿನ್‌ಸ್ಟನ್ ಪೀಟರ್ಸ್ ಹಂಗಾಮಿ ಪ್ರಧಾನಿ ಅಂತ ಘೋಷಿಸಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಗುವನ್ನು ಎತ್ತಿಕೊಂಡು ವಿಶ್ವಸಂಸ್ಥೆಯ ಸಭೆಗೂ ಹೋದರು. 2022ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ಕೂಟಗಳಿಗೆ ಮಿತಿ ಹಾಕಿದರು, ಜೊತೆಗೆ ತಮ್ಮ ಸ್ವಂತ ಮದುವೆಯನ್ನೇ ನಿಲ್ಲಿಸಿದರು. ಎರಡೂ ಕಡೆ ಮನೆಯ ವಿಷಯವೇ. ಒಂದು ಕಡೆ ಬಿಟ್ಟುಕೊಡಲಿಲ್ಲ, ಇನ್ನೊಂದು ಕಡೆ ಬಿಟ್ಟುಕೊಟ್ಟರು. ಎರಡನ್ನೂ ಜನರ ಮುಂದೆ ನಿಂತು ಹೇಳಿದರು.

ಮಾರಿಸನ್ ವಿಷಯದಲ್ಲಿ ಹೇಳದೆ ಹೋಗಿದ್ದು ಎಷ್ಟು ದಿನ ಕಾಡಿತು ನೋಡಿ. ಹೋಗುವ ಮೊದಲು ವಿರೋಧ ಪಕ್ಷದ ನಾಯಕ ಆಂಥನಿ ಆಲ್ಬನೀಸ್ ಅವರಿಗೆ ಮೆಸೇಜ್ ಕಳಿಸಿದ್ದರು. ಕುಟುಂಬದ ಜೊತೆ ರಜೆ ಅಂತ ಇತ್ತು, ಎಲ್ಲಿಗೆ ಅಂತ ಇರಲಿಲ್ಲ. 2021ರ ನವೆಂಬರ್‌ನಲ್ಲಿ, ಎರಡು ವರ್ಷ ಆದ ಮೇಲೂ, ಆ ಮೆಸೇಜಿನಲ್ಲಿ ಊರಿನ ಹೆಸರು ಇತ್ತೋ ಇಲ್ಲವೋ ಅಂತ ಸಂಸತ್ತಿನಲ್ಲಿ ಜಗಳ ಆಯಿತು.

ಡಲ್ಲಾಸ್ ಕನ್ನಡಿಗ:
ನಾನೂ ಒಂದು ಮಾತು ಸೇರಿಸುತ್ತೇನೆ. 2021ರ ಫೆಬ್ರವರಿ 16ರ ಬೆಳಗ್ಗೆ ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿ. ಕರೆಂಟ್ ಇಲ್ಲ. ಹೆಂಡತಿ, ಮಗಳು, ಊರಿಂದ ಬಂದಿದ್ದ ಅತ್ತೆ, ನಾಲ್ಕೂ ಜನ ಒಂದೇ ಕೋಣೆಯಲ್ಲಿ, ಇದ್ದಬದ್ದ ರಜಾಯಿ ಎಲ್ಲ ಹೊದ್ದು. ಅತ್ತೆ ಒಗ್ಗರಣೆ ಸೌಟಿನಲ್ಲಿ ಮೇಣದಬತ್ತಿಯ ಮೇಲೆ ಹಾಲು ಬಿಸಿ ಮಾಡಿದರು. ಮರುದಿನ ನಮ್ಮ ಸೆನೆಟರ್ ಟೆಡ್ ಕ್ರೂಜ್ ಮೆಕ್ಸಿಕೊದ ಕಾನ್‌ಕೂನ್‌ಗೆ ವಿಮಾನ ಹತ್ತಿದರು. ಅದರ ಮರುದಿನ, 18ಕ್ಕೆ ವಾಪಸ್. ಮಕ್ಕಳಿಗೆ ಶಾಲೆ ಇರಲಿಲ್ಲ, ಗೆಳತಿಯರ ಜೊತೆ ಹೋಗಬೇಕು ಅಂದರು, ಒಳ್ಳೆಯ ಅಪ್ಪನಾಗಿ ಕರೆದುಕೊಂಡು ಹೋದೆ ಅಂತ ಮೊದಲು ಹೇಳಿದರು. ಸಂಜೆ ಹೊತ್ತಿಗೆ ತಪ್ಪಾಯಿತು ಅಂದರು.

ನಿಜ ಹೇಳುತ್ತೇನೆ. ನನ್ನ ಕೈಯಲ್ಲಿ ಟಿಕೆಟ್ ಇದ್ದಿದ್ದರೆ ನಾನೂ ಮಗಳನ್ನು ಬೆಚ್ಚಗಿರುವ ಕಡೆ ಕರೆದುಕೊಂಡು ಹೋಗುತ್ತಿದ್ದೆ. ಸೆನೆಟರ್ ಕೈಯಲ್ಲಿ ಕರೆಂಟಿನ ಸ್ವಿಚ್ ಇಲ್ಲ, ಅದೂ ಗೊತ್ತು. ಆದರೂ ಆ ವಾರ ಬೇರೆಯವರು ಏನು ಮಾಡಿದರು? ಕ್ರೂಜ್ ವಿರುದ್ಧ 2018ರ ಚುನಾವಣೆಯಲ್ಲಿ ಸೋತಿದ್ದ ಬೆಟೊ ಓರೂರ್ಕ್, ಯಾವ ಹುದ್ದೆಯೂ ಇಲ್ಲದಿದ್ದರೂ, ಸ್ವಯಂಸೇವಕರನ್ನು ಕೂಡಿಸಿ ವಯಸ್ಸಾದವರಿಗೆ ಫೋನ್ ಮಾಡಿಸಿದರು. ನೀರಿದೆಯಾ, ಔಷಧಿ ಇದೆಯಾ, ಹತ್ತಿರದ ಬೆಚ್ಚಗಿನ ಜಾಗ ಇಲ್ಲಿದೆ ಅಂತ. ಆ ಚಳಿಗೆ ಟೆಕ್ಸಸ್‌ನಲ್ಲಿ ಸತ್ತವರು ಸರ್ಕಾರಿ ಲೆಕ್ಕದಲ್ಲೇ 246. ಪೈಪ್ ಹಿಡಿಯದಿದ್ದರೂ ಫೋನ್ ಹಿಡಿಯಬಹುದು. ಅದಕ್ಕೆ ಊರಲ್ಲಿ ಇರಬೇಕು, ಕೊನೆಗೆ ಮನಸ್ಸಾದರೂ ಊರಲ್ಲಿ ಇರಬೇಕು.

ನೀಲಿಬೆಟ್ಟ:
ಇಲ್ಲಿಯೂ ಹಾಗೇ, ಪೈಪ್ ಹಿಡಿಯದೆಯೂ ಮಾಡುವ ಕೆಲಸ ಇತ್ತು. ಸಂಬಳವಿಲ್ಲದೆ ವಾರಗಟ್ಟಲೆ ಬೆಂಕಿ ಆರಿಸುತ್ತಿದ್ದವರಿಗೆ ದಿನಕ್ಕೆ 300 ಡಾಲರ್‌ವರೆಗೆ, ಒಟ್ಟು 6,000 ಮೀರದಂತೆ, ಪರಿಹಾರ ಕೊಡುತ್ತೇವೆ ಅಂತ ಕೇಂದ್ರ ಸರ್ಕಾರ ಹೇಳಿದ್ದು ಡಿಸೆಂಬರ್ 29ಕ್ಕೆ. 3,000 ಮೀಸಲು ಸೈನಿಕರನ್ನು ಕರೆದಿದ್ದು ಜನವರಿ 4ಕ್ಕೆ. ಎರಡೂ ಪ್ರಧಾನಿ ವಾಪಸ್ ಬಂದ ಮೇಲೆ. ಕೇಂದ್ರದ ಕೈಯಲ್ಲಿ ಏನೂ ಇರಲಿಲ್ಲ ಅನ್ನುವ ಮಾತನ್ನು ಇದು ಒಪ್ಪುವುದಿಲ್ಲ. ಪೈಪ್ ಇರಲಿಲ್ಲ, ಹಣ ಇತ್ತು, ಸೈನ್ಯ ಇತ್ತು.

ಹವಾಯಿ ಅಂದರೆ ಆರೇಳು ದಿನದ ಮಾತು. ನನ್ನ ಮನಸ್ಸಿಗೆ ಅದಕ್ಕಿಂತ ಜಾಸ್ತಿ ನಾಟುವುದು ಬೇರೆ. 2019ರ ಏಪ್ರಿಲ್‌ನಲ್ಲೇ 23 ಮಂದಿ ಮಾಜಿ ಅಗ್ನಿಶಾಮಕ ಮತ್ತು ತುರ್ತು ಸೇವೆ ಮುಖ್ಯಸ್ಥರು ಗ್ರೆಗ್ ಮಲಿನ್ಸ್ ಮುಂದಾಳತ್ವದಲ್ಲಿ ಎಚ್ಚರಿಕೆ ಕೊಟ್ಟಿದ್ದರು. ಬರುವ ಬೇಸಿಗೆ ಭೀಕರ ಆಗುತ್ತದೆ, ಪ್ರಧಾನಿ ನಮ್ಮನ್ನು ಭೇಟಿ ಮಾಡಲಿ, ನೀರು ಸುರಿಯುವ ದೊಡ್ಡ ವಿಮಾನಗಳು ಬೇಕು ಅಂತ. ಬೇಸಿಗೆ ಬರುವ ಮೊದಲು ಅವರಿಗೆ ಪ್ರಧಾನಿ ಭೇಟಿ ಸಿಗಲಿಲ್ಲ. ಅದು ಹವಾಯಿ ರಜೆಗೂ ತಿಂಗಳುಗಳ ಮೊದಲಿನ ಮಾತು.

ಹಳೇ ಗುಮಾಸ್ತ:
ಇದು ನನಗೆ ಗೊತ್ತಿರಲಿಲ್ಲ. ನೀವು ಹೇಳಿದ್ದು ಕೇಳಿ ನಮ್ಮ ಕಚೇರಿಯ ನೆನಪು ಬಂತು. ಮೇ ತಿಂಗಳಲ್ಲಿ ನೆರೆ ಮುನ್ನೆಚ್ಚರಿಕೆ ಸಭೆ ಅಂತ ಒಂದು ಆಗುತ್ತದೆ. ದೋಣಿ ಎಷ್ಟಿವೆ, ಈಜು ಬಲ್ಲವರು ಯಾರು, ಯಾವ ಶಾಲೆಯ ಮಾಡು ಗಟ್ಟಿ ಇದೆ. ನೀರಸ ಸಭೆ. ಪತ್ರಿಕೆಯವರು ಬರುವುದಿಲ್ಲ. ನಾನು ನೋಡಿದ ಅಷ್ಟೂ ವರ್ಷಗಳಲ್ಲಿ ಆ ಸಭೆಗೆ ಪೂರ್ತಿ ಕೂತ ಶಾಸಕರು ಇಬ್ಬರೋ ಮೂವರೋ. ನೆರೆ ಬಂದಾಗ ಮೊಣಕಾಲುದ್ದ ನೀರಿನಲ್ಲಿ ನಿಂತು ಫೋಟೊಗೆ ಎಲ್ಲರೂ ಬರುತ್ತಾರೆ. ನಾನು ಮೊದಲು ರಜೆ ರದ್ದು ಅಂತ ಬರೆದೆನಲ್ಲ, ಅದನ್ನು ಬಿಡುವುದಿಲ್ಲ. ಆದರೆ ಮೇ ತಿಂಗಳ ಸಭೆಯ ಹಾಜರಿಯನ್ನೂ ಜೊತೆಗೆ ಕೇಳುತ್ತೇನೆ.

ಎರಡು ಹೆಣ್ಮಕ್ಕಳ ಅಪ್ಪ:
ಇದನ್ನು ಒಪ್ಪುತ್ತೇನೆ. ಏಪ್ರಿಲ್‌ನಲ್ಲಿ ಆ 23 ಜನರ ಜೊತೆ ಕೂತಿದ್ದರೆ ಡಿಸೆಂಬರ್‌ನ ರಜೆಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆದರೆ ನನಗೆ ಇನ್ನೂ ಉತ್ತರ ಸಿಗದ ಪ್ರಶ್ನೆ ಒಂದಿದೆ. ಆ ಇಬ್ಬರು ಹುಡುಗಿಯರು. ಅವರಿಗೆ ಆ ಪ್ರವಾಸ ಯಾವತ್ತೂ ಅಪ್ಪ ದೇಶದ ಮುಂದೆ ಕ್ಷಮೆ ಕೇಳಿದ ಪ್ರವಾಸವಾಗಿಯೇ ಉಳಿಯುತ್ತದೆ. ಅವರ ತಪ್ಪೇನು?

ಮಲಪ್ರಭೆ ದಂಡೆ:
ಅವರ ತಪ್ಪು ಏನೂ ಇಲ್ಲ ತಮ್ಮಾ. ಮಕ್ಕಳಿಗೆ ಮಾತು ಕೊಟ್ಟಿದ್ದೆ ಅಂತ ಅಪ್ಪ ರೇಡಿಯೊದಲ್ಲಿ ಹೇಳಿದಾಗ ಅವರ ಹೆಸರು ನಡುವೆ ಬಂತು. ನಾನಾಗಿದ್ದರೆ ಮಗಳ ಹೆಸರನ್ನು ಮುಂದೆ ತರುತ್ತಿರಲಿಲ್ಲ. ನಾನು ನಿರ್ಧಾರ ಮಾಡಿದೆ, ನಾನು ಹೋದೆ ಅನ್ನುತ್ತಿದ್ದೆ.

ಎರಡು ಹೆಣ್ಮಕ್ಕಳ ಅಪ್ಪ:
ಹೌದು ಅಕ್ಕಾ. ಇದನ್ನು ನಾನು ಯೋಚಿಸಿರಲಿಲ್ಲ.

ನೀಲಿಬೆಟ್ಟ:
ಬಕ್ಸ್‌ಟನ್ ಹತ್ತಿರ ತೀರಿಕೊಂಡ ಆ ಇಬ್ಬರು ಸ್ವಯಂಸೇವಕರಲ್ಲಿ ಒಬ್ಬರ ಅಂತ್ಯಕ್ರಿಯೆ 2020ರ ಜನವರಿ 2ರಂದು ಆಯಿತು. 19 ತಿಂಗಳ ಮಗ. ಅಪ್ಪನ ಸಮವಸ್ತ್ರದ ಹಾಗೇ ಪುಟ್ಟ ಅಂಗಿ, ಬಾಯಲ್ಲಿ ಚೀಪುವ ನಿಪ್ಪಲ್. ಕಮಿಷನರ್ ಫಿಟ್ಜ್‌ಸಿಮನ್ಸ್ ಮೊಣಕಾಲೂರಿ ಕೂತು ಆ ಅಂಗಿಗೆ ಅಪ್ಪನ ಪದಕ ಚುಚ್ಚಿದರು. ಆ ಫೋಟೊ ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಫಿಟ್ಜ್‌ಸಿಮನ್ಸ್ ಅವರ ತಂದೆಯೂ 2000ದಲ್ಲಿ ಸಿಡ್ನಿಯ ಉತ್ತರಕ್ಕೆ ಮುಂಜಾಗ್ರತೆಗಾಗಿ ಕಾಡಿನ ಒಣ ಪೊದೆ ಸುಡುವಾಗ ಬೆಂಕಿಗೆ ಸಿಕ್ಕಿ ಹೋದವರು. ಆ ಮನುಷ್ಯ ತಿಂಗಳುಗಟ್ಟಲೆ ದಿನವೂ ಮೈಕಿನ ಮುಂದೆ ನಿಂತು ಯಾವ ಊರಿನವರು ಈಗಲೇ ಹೊರಡಬೇಕು ಅಂತ ಹೇಳುತ್ತಿದ್ದರು. ಅವರಿಗೂ ಮಕ್ಕಳಿದ್ದರು. ಮನೆಯ ಕಷ್ಟ ಹೇಳಿಕೊಂಡಿದ್ದನ್ನು ನಾನು ಕೇಳಲಿಲ್ಲ.

ಡಲ್ಲಾಸ್ ಕನ್ನಡಿಗ:
ನಿಮ್ಮ ಪಕ್ಕದ ಮನೆಯವರು ಏನಂದರು? ಅವರು ಬೆಂಕಿಯ ಮುಂದೆ ನಿಂತವರಲ್ವಾ. ಅವರ ಮಾತು ಮುಖ್ಯ.

ನೀಲಿಬೆಟ್ಟ:
ನಿಮ್ಮ ಪ್ರಶ್ನೆ ಓದಿ ನಿನ್ನೆ ಸಂಜೆ ಮಗನ ಜೊತೆ ಅವರ ಮನೆಗೆ ಹೋಗಿದ್ದೆ. ಅವರು ಜಾಸ್ತಿ ಮಾತಿನವರಲ್ಲ. "ಆ ವಾರ ಪ್ರಧಾನಿ ಎಲ್ಲಿದ್ದಾರೆ ಅಂತ ನೋಡಲು ನಮಗೆ ಪುರುಸೊತ್ತೇ ಇರಲಿಲ್ಲ. ಐದು ವಾರ ನಾನು ಪ್ಲಂಬಿಂಗ್ ಕೆಲಸಕ್ಕೆ ಹೋಗಿರಲಿಲ್ಲ. ಮನೆ ಕಂತು ಕಟ್ಟುವುದು ಹೇಗೆ ಅನ್ನುವುದೊಂದೇ ಯೋಚನೆ" ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಹವಾಯಿಗೆ ಹೋಗಿಲ್ಲ ಅಂದಾಗ ಬೇಜಾರಾಯಿತು. ಹೋಗಿದ್ದಕ್ಕೆ ಅಷ್ಟು ಅಲ್ಲ" ಅಂದರು.

ಅವರ ಹೆಂಡತಿ ಒಳಗಿಂದ ಒಂದು ಹಳೆಯ ಹಾಳೆ ತಂದು ತೋರಿಸಿದರು. ಆ ಡಿಸೆಂಬರ್‌ನ ಪಾಳಿ ಪಟ್ಟಿ. ಫ್ರಿಜ್ ಮೇಲೆ ಅಂಟಿಸಿದ್ದರಂತೆ, ಮೂಲೆಯಲ್ಲಿ ಇನ್ನೂ ಟೇಪಿನ ಕಲೆ. ದಿನಾಂಕದ ಎದುರು ಹೆಸರು. ಕೆಲವು ಹೆಸರಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ಬೇರೆ ಹೆಸರು, ಅದರ ಪಕ್ಕ ಪೆನ್ಸಿಲಿನಲ್ಲಿ ಕಾರಣ. ಮಗಳ ನಾಟಕ. ಅಮ್ಮನ ಕೀಮೊ. ಮಗುವಿನ ಹುಟ್ಟುಹಬ್ಬ, ರಾತ್ರಿ ಎಂಟಕ್ಕೆ ವಾಪಸ್. ಕ್ರಿಸ್‌ಮಸ್ ದಿನದ ಎದುರು ಮಕ್ಕಳಿಲ್ಲದ ಮೂವರು ತಾವೇ ಬರೆದುಕೊಂಡಿದ್ದರು.

ಮಗ ಆ ಹಾಳೆಯನ್ನು ತುಂಬಾ ಹೊತ್ತು ನೋಡಿದ. ವಾಪಸ್ ಬರುವಾಗ, ಹದಿನಾರು ವರ್ಷಕ್ಕೆ ಈ ದಳಕ್ಕೆ ಸೇರಬಹುದಾ ಅಂತ ಕೇಳಿದ. ವಿಚಾರಿಸೋಣ ಅಂದಿದ್ದೇನೆ. ಅವನ ಅಮ್ಮನಿಗೆ ಇನ್ನೂ ಹೇಳಿಲ್ಲ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಬೇಕು.